ಎಸ್. ಜಾನಕಿಯವರ ವಿದಾಯ

ಹುಳಿಯಾರಿನ ನಮ್ಮ ಓಣಿಯಲ್ಲಿ ಕೊಬ್ಬರಿಯ ಕರಟ ಬಿಡಿಸುವ ಹೆಂಗಸರಿಗೆ ಜಾನಕಿಯವರ ಹಾಡಿಲ್ಲದೆ ಕೈ ಓಡದು. ನಾನು ಅವರ ಭಕ್ತನಾದದ್ದೂ ಅಲ್ಲಿಯೇ. ಸಂಗೀತಶಾಸ್ತ್ರದ ಗಂಧ ನನಗಿಲ್ಲ. ಆದರೆ 1977ರ ‘ಸನಾದಿ ಅಪ್ಪಣ್ಣ’ದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿಯ ಜೊತೆಜೊತೆಗೇ ಏರಿಳಿಯುವ ಆ ಕಂಠವನ್ನು ಕೇಳುವಾಗ, ವಾದ್ಯವಾವುದು ದನಿಯಾವುದು ಎಂದು ಇಂದಿಗೂ ತಬ್ಬಿಬ್ಬಾಗುತ್ತೇನೆ.

1957ರಲ್ಲಿ ಚಿತ್ರಗಳಿಗೆ ಹಾಡತೊಡಗಿದವರು 2016ರಲ್ಲಿ ಇನ್ನು ಸಾಕೆಂದರು. ವಿದಾಯಕ್ಕೆ ಆರಿಸಿಕೊಂಡದ್ದು ಮಲಯಾಳದ ‘ಪತ್ತು ಕಲ್ಪನಗಳ್’ ಚಿತ್ರದ ಒಂದು ಜೋಗುಳ. ಕನ್ನಡದ ಹಾಡಾಗಬಾರದಿತ್ತೇ ಎಂದು ನನಗೆ ಮುನಿಸು. ಆದರೂ ಕೇಳಿದೆ. ಮಾತೊಂದೂ ತಿಳಿಯಲಿಲ್ಲ. ಕಂಠದಲ್ಲಿ ವಯಸ್ಸು ಕೇಳಿಸುತ್ತದೆ, ಅದನ್ನವರು ಮುಚ್ಚಿಡಲಿಲ್ಲ. ಮಗುವಿನ ದನಿಯಲ್ಲೇ ಹಾಡಿ ಬೆರಗುಗೊಳಿಸಿದವರು ಇಲ್ಲಿ ಮಗುವನ್ನು ಮಲಗಿಸುವ ಅಜ್ಜಿಯಾಗಿದ್ದಾರೆ. ಅಬ್ಬರದ ಹಾಡಿನಿಂದ ಮುಗಿಸಿದ್ದರೆ ಚಪ್ಪಾಳೆ ಹೆಚ್ಚು ಬೀಳುತ್ತಿತ್ತೇನೋ; ನನಗಂತೂ ಈ ಸಣ್ಣ ದನಿಯೇ ದೊಡ್ಡದು.

ಮರುವರ್ಷ, 2017ರ ಅಕ್ಟೋಬರ್ 28ರಂದು, ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಕಚೇರಿಗಳಿಗೂ ವಿದಾಯ ಹೇಳಿದರು. ಆ ವೇದಿಕೆಯಾದರೂ ಕನ್ನಡನಾಡಿಗೆ ದಕ್ಕಿತಲ್ಲ! ಮುನಿಸು ಇಳಿಯಿತು. ಜೋಗುಳವನ್ನು ಈಗಲೂ ರಾತ್ರಿ ಕೇಳುತ್ತೇನೆ. ಅರ್ಥವನ್ನು ಮಾತ್ರ ಯಾರನ್ನೂ ಕೇಳಿಲ್ಲ.