ಹಲ್ಲಿನಿಂದ ಶುರುವಾಗುವ ಲೆಕ್ಕ

ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಹೊತ್ತಿಗೆ ಕಟ್ಟಿಗೆ ಕೊಟ್ಟಿಗೆ ತುಂಬಿರಬೇಕು. ಬೇಯಿಸುವ ಒಲೆಗೂ ಬಚ್ಚಲ ಹಂಡೆಗೂ ಬೇಕಾದದ್ದನ್ನು ಮಳೆ ಹಿಡಿಯುವ ಮುಂಚೆಯೇ ಕೊಯ್ದು, ಸೀಳಿ, ಒಟ್ಟಿಡಬೇಕು. ಹಾಗಾಗಿ ಚೈನ್ ಗರಗಸ ಈಗ ಎಷ್ಟೋ ತೋಟದ ಮನೆಗಳಲ್ಲಿ ಔಷಧಿ ಹೊಡೆಯುವ ಪಂಪಿನ ಪಕ್ಕದಲ್ಲಿ ಜಾಗ ಪಡೆದಿದೆ. ಆದರೆ ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆ ಎಷ್ಟು ಸಿಸಿ ಎಂಬುದು, ಎರಡನೆಯದು ಬಾರ್ ಎಷ್ಟು ಇಂಚು ಎಂಬುದು. ಚೈನಿನ ಮಾತೇ ಬರುವುದಿಲ್ಲ. ಮಿಷನ್ನಿನ ಜೊತೆ ಬಂದದ್ದೇ ಚೈನು. ಈ ಕ್ರಮವನ್ನು ತಲೆಕೆಳಗು ಮಾಡಬೇಕು ಎಂಬುದು ನನ್ನ ವಾದ. ಮೊದಲು ಕೊಯ್ಯಬೇಕಾದ ಮರ, ಆಮೇಲೆ ಚೈನು, ಅದಕ್ಕೆ ತಕ್ಕ ಬಾರ್, ಎಂಜಿನ್ ಕಟ್ಟಕಡೆಗೆ. ಮರ ಕೊಯ್ಯುವುದು ಹಲ್ಲು. ಉಳಿದದ್ದೆಲ್ಲ ಅದನ್ನು ಓಡಿಸುವ ಏರ್ಪಾಡು.

ಆ ಹಲ್ಲಿನ ಇತಿಹಾಸವೇ ಈ ಮಾತಿಗೆ ಸಾಕ್ಷಿ. ಎಂಜಿನ್ ಗರಗಸಗಳು 1920ರ ದಶಕದಲ್ಲೇ ಜರ್ಮನಿಯಲ್ಲಿ ಬಂದಿದ್ದವು, ಆದರೆ ಅವುಗಳ ಚೈನು ಕೈಗರಗಸದಂತೆ ಮರವನ್ನು ಕೆರೆಯುತ್ತಿತ್ತು, ಮತ್ತೆ ಮತ್ತೆ ಅರ ಬೇಡುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವನು ಸೌದೆ ಒಡೆಯುತ್ತಿದ್ದಾಗ ಕೊರಡಿನೊಳಗೆ ಮರ ಕೊರೆಯುವ ದುಂಬಿಯ ಮರಿಹುಳುವನ್ನು ಗಮನಿಸಿದ. ಅದು ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಿನಲ್ಲಿ ಸಾಗುತ್ತಿತ್ತು. ಗುಟ್ಟು ಇದ್ದದ್ದು ಎಡಕ್ಕೂ ಬಲಕ್ಕೂ ಕಚ್ಚುವ ಬಾಗಿದ ದವಡೆಯಲ್ಲಿ. ಅದನ್ನೇ ಉಕ್ಕಿನಲ್ಲಿ ಮಾಡಿ ಮರುವರ್ಷ ಪೋರ್ಟ್‌ಲೆಂಡಿನಲ್ಲಿ ಚೈನ್ ಕಂಪನಿ ತೆರೆದ. ಇಂದಿನ ಚೈನಿನಲ್ಲೂ ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ. ಪ್ರತಿ ಹಲ್ಲಿನ ಮುಂದೆ ಒಂದು ಪುಟ್ಟ ಗೂಟವಿದೆ. ಹಲ್ಲಿನ ಅಲಗಿಗಿಂತ ಅದು ಸುಮಾರು 0.65 ಮಿಲಿಮೀಟರ್ ತಗ್ಗಿನಲ್ಲಿರುತ್ತದೆ. ಒಂದು ಕಡಿತಕ್ಕೆ ಎಷ್ಟು ದಪ್ಪ ಚಕ್ಕೆ ಏಳಬೇಕೆಂದು ತೀರ್ಮಾನಿಸುವುದು ಈ ಕೂದಲೆಳೆಯ ಅಂತರ, ಎಂಜಿನ್ ಅಲ್ಲ. ಹರಿತವಾದ ಚೈನು ತನ್ನಷ್ಟಕ್ಕೆ ಮರದೊಳಕ್ಕೆ ಇಳಿಯುತ್ತದೆ, ಕೈ ಒತ್ತಬೇಕಾಗಿಲ್ಲ. ಚಕ್ಕೆಯ ಬದಲು ನುಣ್ಣನೆ ಪುಡಿ ಉದುರತೊಡಗಿತೆಂದರೆ ಹಲ್ಲು ಮೊಂಡಾಗಿದೆ. ಆಗ ಎಷ್ಟೇ ಸಿಸಿ ಇದ್ದರೂ ಬಿಸಿಯಾಗುವುದು ಬಾರ್, ದಣಿಯುವುದು ರಟ್ಟೆ.

ಇನ್ನು ನಮ್ಮ ಮರಗಳು. ತೋಟದಂಚಿನ ಅಕೇಶಿಯಾ, ಕಾಫಿ ತೋಟದ ಸಿಲ್ವರ್ ಓಕ್, ಗಾಳಿಗೆ ಬಿದ್ದ ಹಲಸು, ಒಣಗಿ ಕಲ್ಲಾದ ಮತ್ತಿ. ಹೆಚ್ಚಿನವು ಒಂದಡಿಯೊಳಗಿನ ಗಾತ್ರ. ಎಳೆದು ತಂದಿರುವುದರಿಂದ ತೊಗಟೆಗೆ ಮಣ್ಣು ಮೆತ್ತಿರುತ್ತದೆ, ಮಣ್ಣಿನಷ್ಟು ಬೇಗ ಅಲಗು ತಿನ್ನುವುದು ಇನ್ನೊಂದಿಲ್ಲ. ಇಲ್ಲಿ ಫುಲ್ ಚಿಸೆಲ್ ಚೈನಿನ ಪಕ್ಷದವರು ಆಕ್ಷೇಪ ಎತ್ತುತ್ತಾರೆ: ಚೂಪು ಮೂಲೆಯ ಹಲ್ಲು ಬೇಗ ಕೊಯ್ಯುತ್ತದಲ್ಲ? ಕೊಯ್ಯುತ್ತದೆ, ಶುಭ್ರವಾದ ಹಸಿ ಮರದಲ್ಲಿ. ಆದರೆ ಆ ಮೂಲೆ ಮಣ್ಣು ತಾಗಿದೊಡನೆ ಹೋಗುತ್ತದೆ. ಮೂಲೆ ದುಂಡಗಿರುವ ಸೆಮಿ ಚಿಸೆಲ್ ತುಸು ನಿಧಾನ, ಆದರೆ ಒಣ ಮರದಲ್ಲೂ ಧೂಳಿನಲ್ಲೂ ಹರಿತ ಉಳಿಸಿಕೊಳ್ಳುತ್ತದೆ. ಕಟ್ಟಿಗೆಯ ಕೆಲಸದಲ್ಲಿ ಲೆಕ್ಕಕ್ಕೆ ಬರುವುದು ಒಂದು ಕೊಯ್ತದ ಸೆಕೆಂಡುಗಳಲ್ಲ, ಮಧ್ಯಾಹ್ನದೊಳಗೆ ಎಷ್ಟು ಸಲ ಅರ ಹಿಡಿದು ಕೂರಬೇಕಾಯಿತು ಎಂಬುದು. ಅಳತೆಯಲ್ಲಿ 3/8 ಇಂಚಿನ ಲೋ ಪ್ರೊಫೈಲ್ ಚೈನು ಮನೆಬಳಕೆಗೆ ಧಾರಾಳ ಸಾಕು. ಅದು ಕೊಯ್ಯುವ ಸೀಳು ಸಣ್ಣದು, ಆದ್ದರಿಂದ ಸಣ್ಣ ಎಂಜಿನ್ನೂ ಸಲೀಸಾಗಿ ಎಳೆಯುತ್ತದೆ.

ಬಾರಿನ ಉದ್ದದ ಬಗ್ಗೆ ಮೋಹ ಇನ್ನೂ ಗಟ್ಟಿ. 16 ಇಂಚಿನ ಬಾರಿಗೆ ಹಾಕುವ ಲೋ ಪ್ರೊಫೈಲ್ ಚೈನಿನಲ್ಲಿ ಸಾಮಾನ್ಯವಾಗಿ 28 ಹಲ್ಲು. 22 ಇಂಚಿನ ಬಾರಿಗೆ 0.325 ಇಂಚಿನ ಚೈನು ಹಾಕಿದರೆ 43ರ ಆಸುಪಾಸು. ಅಷ್ಟೂ ಹಲ್ಲಿಗೆ ಅರ ಹಾಕಬೇಕು, ಅಷ್ಟೂ ಉದ್ದಕ್ಕೆ ಎಣ್ಣೆ ಉಣಿಸಬೇಕು. ದಪ್ಪ ದಿಮ್ಮಿ ಬಂದರೆ ಏನು ಗತಿ ಎನ್ನುವವರಿಗೆ ಉತ್ತರ ಸರಳ: ಎರಡು ಬದಿಯಿಂದ ಕೊಯ್ದರೆ 16 ಇಂಚಿನ ಬಾರ್ ಎರಡಡಿ ದಪ್ಪವನ್ನೂ ದಾಟುತ್ತದೆ. ಉದ್ದ ಬಾರಿಗೆ ಇನ್ನೊಂದು ಕೆಡುಕಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಬಾರಿನ ಮೂತಿಯ ಮೇಲರ್ಧ ಏನಕ್ಕಾದರೂ ತಗುಲಿದರೆ ಗರಗಸ ಕ್ಷಣಾರ್ಧದಲ್ಲಿ ಮುಖದತ್ತ ಚಿಮ್ಮುತ್ತದೆ. ಕಟ್ಟಿಗೆ ರಾಶಿಯಲ್ಲಿ ಕೊಯ್ಯುವ ದಿಮ್ಮಿಯ ಹಿಂದೆ ಇನ್ನೊಂದು ದಿಮ್ಮಿ ಇದ್ದೇ ಇರುತ್ತದೆ. ಆಚೆ ಚಾಚಿದ ಮೂತಿ ಅದಕ್ಕೆ ಬಡಿಯುವುದು ಕೊಯ್ಯುವವರ ಕಣ್ಣಿಗೆ ಬೀಳುವುದಿಲ್ಲ.

ಇಷ್ಟು ನಿರ್ಧಾರವಾದ ಮೇಲೆ ಎಂಜಿನ್ ತಾನಾಗಿ ಆಯ್ಕೆಯಾಗುತ್ತದೆ: 35ರಿಂದ 45 ಸಿಸಿ. ಅಷ್ಟೇ ದುಡ್ಡಿಗೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ, 22 ಇಂಚಿನ ಬಾರಿನ 58 ಸಿಸಿ ಮಿಷನ್ ಸಿಗುತ್ತದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಟ್ಟಿಗೆ ಕೊಯ್ಯುವುದು ಬಗ್ಗಿ ಮಾಡುವ ಕೆಲಸ. ಹೆಚ್ಚುವರಿ ಒಂದೂವರೆ ಕಿಲೋ ಭಾರ ಮೊದಲ ದಿಮ್ಮಿಗೆ ತಿಳಿಯದು, ಸೊಂಟಕ್ಕೆ ಸಂಜೆ ತಿಳಿಯುತ್ತದೆ. ದಣಿದ ಕೈಯಲ್ಲೇ ಅಪಘಾತಗಳಾಗುವುದು. ಹತ್ತಿರದ ಪೇಟೆಯಲ್ಲಿ ಬಿಡಿಭಾಗ ಸಿಗುವ ಮಿಷನ್ನೇ ಒಳ್ಳೆಯ ಮಿಷನ್ನು, ಬೆಲೆಯ ಮಾತು ಆಮೇಲಿನದು. ಬ್ಯಾಟರಿ ಗರಗಸ ಹಿತ್ತಲಿನ ಗೆಲ್ಲುಗಳಿಗೆ ಚೆನ್ನ, ಹೊಗೆಯಿಲ್ಲ, ಸದ್ದು ಕಡಿಮೆ. ಕರೆಂಟು ದಿನಗಟ್ಟಲೆ ಹೋಗುವ ಊರಲ್ಲಿ ಬೇಣದ ಮೂಲೆಗೆ ಒಯ್ಯಲು ಪೆಟ್ರೋಲೇ ಸರಿ. ಲೀಟರಿಗೆ 20 ಮಿಲಿಲೀಟರ್ ಟೂ ಸ್ಟ್ರೋಕ್ ಎಣ್ಣೆ, ಅಳೆದೇ ಹಾಕಬೇಕು.

ಬಾರಿಗೆ ಬಿಡುವ ಎಣ್ಣೆ ಹೇಗೂ ಚೆಲ್ಲಿಹೋಗುವಂಥದ್ದು, ಗಾಡಿಯಿಂದ ಇಳಿಸಿದ ಹಳೇ ಎಣ್ಣೆ ಸಾಲದೇ ಎಂದು ಕೇಳುವವರಿದ್ದಾರೆ. ಅದರಲ್ಲಿ ತೇಲುವ ಲೋಹದ ಪುಡಿ ಬಾರಿನ ತೋಡನ್ನೂ ಎಣ್ಣೆ ಪಂಪನ್ನೂ ಸವೆಸುತ್ತದೆ, ಚೆಲ್ಲಿದ್ದು ಅದೇ ತೋಟದ ಮಣ್ಣಿಗೆ ಇಳಿಯುತ್ತದೆ. ಮಿಷನ್ನಿನ ಜೊತೆಗೇ ಒಳ್ಳೆಯ ಬಾರ್ ಎಣ್ಣೆ, ಇನ್ನೊಂದು ಚೈನು, ಕಾಲಿಗೆ ರಕ್ಷಾಕವಚ, ಕಣ್ಣು ಕಿವಿ ಮುಚ್ಚುವ ಹೆಲ್ಮೆಟ್ಟು, ಮತ್ತು 4 ಮಿಲಿಮೀಟರಿನ ದುಂಡು ಅರ ಬರಬೇಕು. ಈ ಅರ ಹಾಕುವ ಕೆಲಸ ಇಡೀ ಕಸುಬಿನ ಅತ್ಯಂತ ಸೊಗಸಿನ ಭಾಗ. ಬಾರನ್ನು ಅಲ್ಲಾಡದಂತೆ ಬಿಗಿದು, 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ, ಹಲ್ಲಿಗೆ ಎರಡು ಮೂರು ಎಳೆತ. ಎಡದ ಹಲ್ಲೆಲ್ಲ ಮುಗಿಸಿ ಬಲಕ್ಕೆ. ಎರಡೂ ಕಡೆ ಸಮನಾಗಿ ತೆಗೆಯದಿದ್ದರೆ ಗರಗಸ ದಿಮ್ಮಿಯೊಳಗೆ ಒಂದು ಬದಿಗೆ ಸರಿದು ಓರೆಯಾಗಿ ಕೊಯ್ಯುತ್ತದೆ. ಹಾಗಾದಾಗ ಹೆಚ್ಚಿನವರು ಬೈಯುವುದು ಮಿಷನ್ನನ್ನು, ನೋಡಬೇಕಾದದ್ದು ಹಲ್ಲುಗಳ ಉದ್ದವನ್ನು.