ಅಟ್ಟದ ಮೇಲಿನ ಗಂಟುಗಳು

ಅಟ್ಟವೆಂಬುದು ಸಂಸಾರದ ಮರೆವಿನ ತಾಣ. ಬೇಡವಾದುದು, ಆದರೆ ಎಸೆಯಲು ಮನಸ್ಸು ಬಾರದುದು, ಎಲ್ಲವೂ ಅಲ್ಲಿಗೇ ಏರುತ್ತದೆ. ಕೊಡಂಬಲದ ನಿವೃತ್ತ ಶಾಲಾ ಮಾಸ್ತರರೊಬ್ಬರ ಮನೆಯಲ್ಲಿ ಹಾಗೆ ಏರಿ ಕುಳಿತಿದ್ದವು ವಾರಪತ್ರಿಕೆಗಳ ಆರು ಗಂಟುಗಳು. ಜಂತಿಗೆ ಗೆದ್ದಲು ಹತ್ತಿದೆಯೆಂದು ತಿಳಿದ ದಿನ ಅವು ಕೆಳಗಿಳಿದವು. ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದ ಮೊಮ್ಮಗಳು ರಜೆಗೆ ಬಂದವಳು, ಧೂಳು ಕೊಡವಿ ನಾಲ್ಕು ಪುಟ ಮಗುಚಿ ನಕ್ಕುಬಿಟ್ಟಳು.

"ಮುತ್ಯಾ, ಇದರಾಗ ಏನದ? ಬರೇ ಅಳೂ ಕಥಿ. ರದ್ದಿಗೆ ಹಾಕಿಬಿಡೋಣ."

"ಅಳೂದು ಅಷ್ಟು ಹಗುರ ಏನು, ತಂಗಿ?" ಎಂದರು ಮುತ್ಯಾ.

ಅವಳ ಬಳಿ ಉತ್ತರ ಸಿದ್ಧವಾಗಿತ್ತು. ರಷ್ಯದ ಮೊದಲ ಸಾಹಿತ್ಯ ಪತ್ರಿಕೆಗಳ ಮೇಲೆ ಪ್ರಬಂಧವೊಂದನ್ನು ಆಗಷ್ಟೇ ಬರೆದು ಮುಗಿಸಿದ್ದಳು. ಅಲ್ಲಿಯೂ ಪತ್ರಿಕೆ ಹುಟ್ಟಿದ್ದು ಕಣ್ಣೀರಿಗಾಗಿ ಅಲ್ಲ. 1755ರಲ್ಲಿ ವಿಜ್ಞಾನ ಅಕಾಡೆಮಿಯ ಮಾಸಪತ್ರಿಕೆ ಹೊರಟಿದ್ದು ತಿಳಿವಳಿಕೆಗಾಗಿ. 1769ರಲ್ಲಿ ನೊವಿಕೋವ್ ಪತ್ರಿಕೆ ತೆಗೆದದ್ದು ಜಮೀನುದಾರರನ್ನು ವಿಡಂಬಿಸುವುದಕ್ಕಾಗಿ. ಬಳಿಕ 1791ರಲ್ಲಿ, ಯೂರೋಪನ್ನು ಸುತ್ತಿಬಂದ ಕರಮ್‌ಜಿನ್ ಎಂಬ ತರುಣ 'ಮಾಸ್ಕೋ ಪತ್ರಿಕೆ'ಯನ್ನು ಆರಂಭಿಸಿದ. ಚಂದಾದಾರರು ಮುನ್ನೂರರ ಆಸುಪಾಸು. ಆದರೆ ಮರುವರ್ಷ ಅದರಲ್ಲಿ ಅಚ್ಚಾದ 'ಬಡ ಲೀಜಾ' ಎಂಬ ಕಥೆ ಓದುಗರ ಎದೆಯನ್ನು ಕರಗಿಸಿತು. ಹೂ ಮಾರುವ ರೈತರ ಹುಡುಗಿ ಸಿರಿವಂತ ತರುಣನನ್ನು ನಂಬಿ ಕೆಟ್ಟು, ಕೊಳಕ್ಕೆ ಬಿದ್ದು ಸಾಯುತ್ತಾಳೆ. ಮಾಸ್ಕೋವಿನ ಜನ ಆ ಕೊಳದ ದಂಡೆಗೆ ಯಾತ್ರೆ ಹೋದರು. ಅಲ್ಲಿಯ ಮರಗಳ ಮೇಲೆ ತಮ್ಮ ಮನದ ಮಾತುಗಳನ್ನು ಕೆತ್ತಿ ಬಂದರು. ವಿದ್ವಾಂಸರ ಬಿಗುವನ್ನು ಬಿಟ್ಟು, ಮನೆಮಂದಿ ಆಡುವ ಮಾತಿಗೆ ಸಮೀಪವಾದ ಗದ್ಯವೂ ಆ ಪುಟಗಳಲ್ಲಿ ಹದಗೊಂಡಿತು.

"ನಮ್ಮಲ್ಲಿಯೂ ಹೀಗೆಯೇ ಆಯಿತಲ್ಲ!" ಎಂದು ಮಾಸ್ತರರು ಉತ್ಸಾಹಗೊಂಡರು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿ, ಕನ್ನಡವನ್ನು ಮನೆಯಲ್ಲಿ ಕದ್ದು ಕಲಿತಂತೆ ಕಲಿತವರು ಅವರು. ಪತ್ರಿಕೆಗಳ ಹೆಸರುಗಳು ಅವರಿಗೆ ನೆಂಟರ ಹೆಸರುಗಳಿದ್ದಂತೆ. 1900ರಲ್ಲಿ ಮಂಗಳೂರಿನಿಂದ ಹೊರಟ 'ಸುವಾಸಿನಿ'. ಅದರಲ್ಲಿ ಕಥೆ ಬರೆದ ಪಂಜೆ ಮಂಗೇಶರಾಯರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ'. ಅದನ್ನು ಬೆಳೆಸಿದ ಗಳಗನಾಥರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಕಾದಂಬರಿ ಮಾರಿದ ಪುಣ್ಯಾತ್ಮರು ಅವರು. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿಯೂ 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿ, ಮುಂದೆ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿದ ನಂಜನಗೂಡು ತಿರುಮಲಾಂಬ. 1919ರ 'ಪ್ರಬುದ್ಧ ಕರ್ನಾಟಕ'. 1928ರಲ್ಲಿ ನಿಜಾಮ ಸೀಮೆಯ ಕಲಬುರಗಿಗೇ ಬಂದು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಬಿ. ಎಂ. ಶ್ರೀಕಂಠಯ್ಯನವರು. ಉಪದೇಶವನ್ನೇ ಮುಖ್ಯವೆಂದು ನಂಬಿದ್ದ ಪುಟಗಳಿಗೆ ಮೆಲ್ಲಮೆಲ್ಲನೆ ಹೆಣ್ಣಿನ ಅಳಲು, ಕೂಸಿನ ನಗೆ, ಬಡವನ ಮನೆಯ ದೀಪ ಬಂದು ಸೇರಿದ ಬಗೆಯನ್ನು ಅವರು ಬೆರಳು ಮಡಿಸುತ್ತ ಹೇಳಿದರು.

ಮೊಮ್ಮಗಳು ಎಲ್ಲವನ್ನೂ ಕೇಳಿ ಒಂದೇ ಮಾತು ಆಡಿದಳು.

"ಲೀಜಾಗೋಸ್ಕರ ಅತ್ತ ಜಮೀನುದಾರರ ಮನ್ಯಾಗ ಜೀತದ ರೈತರು ಹಂಗೇ ಇದ್ದರು ಮುತ್ಯಾ. ಅವರ ಬಿಡುಗಡಿ ಆದದ್ದು 1861ಕ್ಕ. ಎಪ್ಪತ್ತು ವರ್ಷ! ಪುಸ್ತಕದಾಗಿನ ಹುಡುಗಿಗೆ ಅತ್ತು, ಅಂಗಳದಾಗಿನ ಹುಡುಗೀನ್ನ ನೋಡದಿದ್ದರ ಆ ಕಣ್ಣೀರು ಯಾತರದು?"

ಮಾಸ್ತರರು ಉತ್ತರಿಸಲಿಲ್ಲ. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಬಹಳ ಹೊತ್ತಿನ ಮೇಲೆ ಹೇಳಿದರು.

ಆ ದಿನಗಳಲ್ಲಿ ವಾರಕ್ಕೊಮ್ಮೆ ಹುಮನಾಬಾದಿನಿಂದ ಪತ್ರಿಕೆ ಬರುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರುವರು. ಮಾಸ್ತರರು ಧಾರಾವಾಹಿಯನ್ನು ಗಟ್ಟಿಯಾಗಿ ಓದುವರು. ನಾಯಕಿಯ ಕಷ್ಟ ಬಂದಲ್ಲಿ ಅವರ ಕಂಠವೇ ಗದ್ಗದವಾಗುವುದು. ಅವರ ಮಡದಿ ಮಾತ್ರ ಬಾಗಿಲ ಬದಿಯಲ್ಲಿ ತೊಗರಿಬೇಳೆ ಆರಿಸುತ್ತ ತಲೆ ತಗ್ಗಿಸಿಯೇ ಇರುವಳು. ಚೊಚ್ಚಲ ಕೂಸನ್ನು ಎಂಟು ತಿಂಗಳಿಗೆ ಕಳೆದುಕೊಂಡಿದ್ದವಳು. ತುಂಬಿದ ಮನೆಯಲ್ಲಿ ಆ ಮಾತನ್ನು ಎತ್ತಬಾರದೆಂದು ಹಿರಿಯರ ಅಪ್ಪಣೆ. ಅವಳು ಎತ್ತಲಿಲ್ಲ, ಗಂಡನೂ ಕೇಳಲಿಲ್ಲ.

ಒಂದು ವಾರ ಧಾರಾವಾಹಿಯಲ್ಲಿಯೂ ಒಂದು ಕೂಸು ತೀರಿಕೊಂಡಿತು. ಓದುತ್ತಿದ್ದವರ ಧ್ವನಿ ನಡುಗಿತು, ಕೇಳುತ್ತಿದ್ದವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವಳು ಮೊರವನ್ನು ಕೆಳಗಿಟ್ಟು ಒಳಗೆ ಎದ್ದುಹೋದಳು. ಕಥೆಯ ಕೂಸಿಗೆ ಅತ್ತ ಮಾಸ್ತರರು ಆ ರಾತ್ರಿ ಮೊದಲ ಸಲ ತಮ್ಮ ಕೂಸಿನ ಹೆಸರನ್ನು ಹೆಂಡತಿಯ ಎದುರು ಹೇಳಿದರು. ಅವಳು ಆಗ ಅತ್ತಳು. ಮೂರು ವರ್ಷದ ಅಳು.

"ಮೂರು ವರ್ಷ ನಾ ಕೇಳಲಿಲ್ಲ. ನಿನ್ನ ಮಾತು ಖರೇ ಅದ ತಂಗಿ. ನಾನೂ ಆ ಜಮೀನುದಾರನೇ. ಆದರ ಆ ಕಥಿ ಬಂದಿರಲಿಲ್ಲಂದ್ರ, ಆ ರಾತ್ರೀನೂ ಕೇಳತಿದ್ದಿಲ್ಲ."

ಅದಾದ ಮೇಲೆ ಅವಳು ಮಕ್ಕಳ ಪಾಟಿಯ ಮೇಲೆ ಅಕ್ಷರ ತಿದ್ದಲು ಕುಳಿತಳು. ಮುಂದಿನ ಕಂತಿಗಾಗಿ ಗಂಡನ ಬಾಯಿಯನ್ನು ಕಾಯುವುದು ಬೇಡವೆಂದು ಅವಳ ಹಟ. ಚಿತ್ರದ ಕೆಳಗಿನ ಸಾಲನ್ನು ಮೊದಲು ಓದಿದಳು, ಬಳಿಕ ಅಂಕಣ, ಬಳಿಕ ಇಡೀ ಪುಟ. ಗಂಟು ಕಟ್ಟಿ ಅಟ್ಟಕ್ಕೆ ಏರಿಸಿದವಳೂ ಅವಳೇ.

ಮೊಮ್ಮಗಳು ಸುಮ್ಮನಾದಳು. ತೀರಿಹೋದ ಆಯಿ ತನ್ನ ಕೈಯಲ್ಲಿ ಪಾಟಿ ಹಿಡಿಸಿ ತಿದ್ದಿಸಿದ ಅಕ್ಷರಗಳು ಅವಳಿಗೆ ನೆನಪಾಗಿರಬೇಕು. ಆ ಅಕ್ಷರ ಆಯಿಗೆ ಎಲ್ಲಿಂದ ಬಂದಿತೆಂದು ಅವಳೂ ಎಂದೂ ಕೇಳಿರಲಿಲ್ಲ.

ಮರುದಿನ ರದ್ದಿಯವನು ಬಂದ. ಆರರಲ್ಲಿ ಐದು ಗಂಟುಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಅವನೂ ಅವನ್ನು ಒಲ್ಲೆನೆಂದ. ಉಳಿದ ಒಂದನ್ನು ಅವನು ತಕ್ಕಡಿಗೆ ಇಡಹೋದಾಗ ಮೊಮ್ಮಗಳು ಕೈಯಡ್ಡ ಮಾಡಿದಳು. ಬಿಸಿಲಿಗೆ ಹರವಿ, ಬೇವಿನ ಎಲೆ ಇಟ್ಟು, ಹೊಸ ದಾರದಿಂದ ಕಟ್ಟಿದಳು.

ಅಂದು ಸಂಜೆ ಪಡಸಾಲೆಯಲ್ಲಿ ದೀಪ ಹತ್ತಿದಾಗ ಓದುವ ಸರದಿ ಅವಳದಾಗಿತ್ತು. ಮುತ್ಯಾ ಬಾಗಿಲ ಬದಿಯಲ್ಲಿ ಕುಳಿತು ಕೇಳಿದರು.