ಒಂಟೆ ಮೇಯುವ ರಾಷ್ಟ್ರಪುಷ್ಪ

ರಾಷ್ಟ್ರಪುಷ್ಪ ಎಂದರೆ ನಮಗೆ ನೆನಪಾಗುವುದು ಲಕ್ಷ್ಮಿ ಕೂತ ತಾವರೆ. ಮೇವಿನ ಗಿಡವನ್ನು ಯಾರಾದರೂ ಆ ಪೀಠಕ್ಕೆ ಏರಿಸುತ್ತಾರೆಯೇ? ಕುವೈತಿನವರು ಏರಿಸಿದ್ದಾರೆ. ಅವರ ರಾಷ್ಟ್ರಪುಷ್ಪ ಅರ್ಫಜ್. ಹಸಿರಿದ್ದರೆ ಒಂಟೆ, ಕುರಿಗಳ ಬಾಯಿಗೆ. ಒಣಗಿದರೆ ಮರುಭೂಮಿಯ ಅಲೆಮಾರಿ ಬದೂಯಿಗಳ ಒಲೆಗೆ. ಸಮಾರಂಭದಲ್ಲಿ ಭಾಷಣಕಾರರನ್ನು ಬಿಟ್ಟು ಅಡುಗೆಯವರಿಗೆ ಶಾಲು ಹೊದಿಸಿದಂಥ ಈ ಆಯ್ಕೆ ನನಗಂತೂ ಬಹಳ ಹಿಡಿಸಿತು.

ಸಸ್ಯಶಾಸ್ತ್ರಜ್ಞರು ಇದನ್ನು ಸೇರಿಸಿರುವುದು ರಾಂಟೀರಿಯಂ ಎಂಬ ಕುಲಕ್ಕೆ. ಉತ್ತರ ಆಫ್ರಿಕಾದಿಂದ ಅರೇಬಿಯಾ, ಇರಾನ್‌ಗಳ ಒಣನೆಲದವರೆಗೆ ಹರಡಿದ ಪುಟ್ಟ ಸಂಸಾರ ಅದು. ನೆಂಟರ ಬಳಗ ಮಾತ್ರ ದೊಡ್ಡದು: ಸೇವಂತಿಗೆ, ಚೆಂಡುಹೂವು, ಸೂರ್ಯಕಾಂತಿ, ಕುಸುಬೆ, ಚಟ್ನಿಪುಡಿಯ ಗುರೆಳ್ಳು ಎಲ್ಲವೂ ದಾಯಾದಿಗಳೇ. ನಮ್ಮ ಹೊಲ ಕೆಡಿಸಿದ ಪಾರ್ಥೇನಿಯಂ ಕೂಡ! ಒಬ್ಬ ಪುಂಡನಿಲ್ಲದ ಮನೆತನ ಎಲ್ಲಿದೆ ಹೇಳಿ?

ಪುಂಡನಿಗೆ ಎಲ್ಲಿ ಬಿದ್ದರೂ ಬದುಕು. ಅರ್ಫಜ್‌ಗೆ ಆ ಅದೃಷ್ಟವಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿದರೆ, ಕುವೈತಿಗೆ ದಕ್ಕುವುದು ಸುಮಾರು 110. ಅಲ್ಲಿನ ಮಿತ್ರಿಬಾದಲ್ಲಿ 2016ರ ಜುಲೈನಲ್ಲಿ ಉಷ್ಣಾಂಶ 53.9 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅಂಥ ಬೇಸಿಗೆಯಲ್ಲಿ ಗಿಡ ಎಲೆ ಉದುರಿಸಿ, ಸತ್ತಂತೆ ಕಡ್ಡಿಯಾಗಿ ನಿಲ್ಲುತ್ತದೆ. ಮಳೆ ಬಿದ್ದರೆ ಚಿಗುರುತ್ತದೆ, ವಸಂತದ ಕೊನೆಗೆ ಮೈತುಂಬ ಹಳದಿ ಹೂ ಬಿಡುತ್ತದೆ. ಬೀಜಕ್ಕೆ ಗಾಳಿಯಲ್ಲಿ ತೇಲಿಸುವ ಕುಚ್ಚಿಲ್ಲ. ಒಣಗಿದ ಹೂದಲೆಯೇ ಬೀಜಗಳನ್ನು ಒಳಗಿಟ್ಟುಕೊಂಡು ಉದುರಿ, ಮರಳ ಮೇಲೆ ಉರುಳುತ್ತದೆ.

ಇಷ್ಟು ಗಟ್ಟಿಗ ಗಿಡ ಸೋತದ್ದು ಮನುಷ್ಯನಿಗೆ. ಮೊದಲು ಅತಿಯಾದ ಮೇಯಿಸುವಿಕೆ. ಆಮೇಲೆ 1990–91ರ ಕೊಲ್ಲಿ ಯುದ್ಧ: ಟ್ಯಾಂಕುಗಳು ಓಡಾಡಿ, ಕಂದಕ ತೋಡಿ, 600ಕ್ಕೂ ಹೆಚ್ಚು ಎಣ್ಣೆಬಾವಿಗಳು ಉರಿದು ಮರುಭೂಮಿಯ ಮೈಯೇ ಹರಿದುಹೋಯಿತು. ಶಾಂತಿ ಬಂದ ಮೇಲೂ ಟಯರುಗಳು ಬಿಡಲಿಲ್ಲ. ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಅಲ್ಲಿ ಡೇರೆ ಹಾಕುವ ಕಾಲ. ಕುಟುಂಬಗಳು ಗಾಡಿ ತುಂಬಿಕೊಂಡು ಮರಳಿಗೆ ಹೋಗುತ್ತವೆ. ಕಬಾಬು ಸುಡುತ್ತವೆ, ಮರಳಲ್ಲಿ ಓಡುವ ಬಗ್ಗಿ ಗಾಡಿಗಳನ್ನು ಓಡಿಸುತ್ತವೆ. ಅರ್ಫಜ್ ಭರ್ತಿಯಾಗಿ ಅರಳುವುದು ಏಪ್ರಿಲ್ ಹೊತ್ತಿಗೆ. ಅಷ್ಟರಲ್ಲಿ ಡೇರೆ ಕಿತ್ತು ಎಲ್ಲರೂ ಮನೆ ಸೇರಿರುತ್ತಾರೆ. ಹೂವನ್ನೇ ನೋಡದವರಿಗೆ ಗಾಲಿಯಡಿ ಸಿಕ್ಕಿದ್ದು ಬರೀ ಕಸದ ಪೊದೆ.

ಒಳ್ಳೆಯ ಸುದ್ದಿಯೂ ಇದೆ. ಬೇಲಿ ಹಾಕಿ ಕಾದ ಕಡೆ ಗಿಡ ಚೇತರಿಸಿಕೊಳ್ಳುತ್ತಿದೆ. ಕುವೈತ್ ವೈಜ್ಞಾನಿಕ ಸಂಶೋಧನಾ ಸಂಸ್ಥೆಯವರು ಬೀಜ ಮೊಳೆಸುವ, ಸಸಿ ನೆಡುವ ಪ್ರಯೋಗ ನಡೆಸಿದ್ದಾರೆ. ಅಲ್ಲಿರುವ ನಮ್ಮ ಮಂಗಳೂರು, ಉಡುಪಿ, ಭಟ್ಕಳದವರಿಗೂ ಒಂದು ಮಾತು: ಈ ಸಲ ಮರುಭೂಮಿಗೆ ಹೋದರೆ ಗಾಡಿಯನ್ನು ಹಳೆಯ ಜಾಡಿನಲ್ಲೇ ಓಡಿಸಿ. ಆ ಕಡ್ಡಿಪೊದೆಗೆ ನೀರು, ಗೊಬ್ಬರ ಏನೂ ಬೇಡ, ತುಳಿಯದಿದ್ದರೆ ಸಾಕು.